ಗಿಡ್ಡ ಅಕ್ಷರದ ಅಪ್ಪಾಸಾಬ

ಆ ದಿನ ಬೆಳಿಗ್ಗೆ ಬಾಡಗಂಡಿಯ ಅಪ್ಪಾಸಾಬ ಪೂಜಾರಿಯವರು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ತಮ್ಮ ಹೆಸರನ್ನು ನೋಡಿ ನೊಂದುಕೊಳ್ಳದೇ ಇದ್ದಿದ್ದರೆ, ಹಾಲೇಶನ ನೌಕರಿ ಅದೇ ಸಂಜೆ ಕಾಯಂ ಆಗುತ್ತಿತ್ತು.

ಹಾಲೇಶ ಜಮಖಂಡಿಯ 'ಹೊನ್ನುಣ್ಣೆ ಕುರಿ ಸಾಕಣೆದಾರರ ಹಾಗೂ ಕಂಬಳಿ ನೇಕಾರರ ಸಂಘ'ದಲ್ಲಿ ಆರು ವರ್ಷಗಳಿಂದ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಸಂಘಕ್ಕೆ ಈ ವರ್ಷ ಐವತ್ತು ತುಂಬಿತ್ತು. ಜಮಖಂಡಿ, ಬೀಳಗಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ಹರಡಿದ್ದ ಆರುನೂರಾ ನಲವತ್ತು ಸದಸ್ಯರಿಗೆ ಸುವರ್ಣ ಮಹೋತ್ಸವದ ಆಮಂತ್ರಣ ಹೋಗಬೇಕಾಗಿತ್ತು. ಅಂದು ಸಂಜೆ ನಾಲ್ಕೂವರೆಗೆ ಆಡಳಿತ ಮಂಡಳಿಯ ಸಭೆ. ಸಭೆಯ ಒಂಬತ್ತನೆಯ ವಿಷಯ, 'ಶ್ರೀ ಹಾಲೇಶ ಇವರ ಸೇವೆಯನ್ನು ಕಾಯಂಗೊಳಿಸುವುದು.' ಈ ಒಂಬತ್ತನೆಯ ವಿಷಯಕ್ಕಾಗಿ ಹಾಲೇಶನಷ್ಟೇ ತುದಿಗಾಲಲ್ಲಿ ನಿಂತಿದ್ದ ಇನ್ನೊಬ್ಬರು ಮುಧೋಳದ ಗುರುಸಿದ್ದಪ್ಪ. ಅವರು ತಮ್ಮ ಮಗಳು ಮಾಲಾಳನ್ನು ಹಾಲೇಶನಿಗೆ ಕೊಡಲು ಒಪ್ಪಿದ್ದರು. ಆದರೆ 'ಕಾಯಂ' ಎಂಬ ಎರಡು ಅಕ್ಷರ ಕಿವಿಗೆ ಬಿದ್ದ ಹೊರತು ವೀಳ್ಯದ ಮಾತು ಎತ್ತಬಾರದೆಂದು ಹೇಳಿಬಿಟ್ಟಿದ್ದರು. ಬೆಳಗಿನಿಂದ ಆಗಲೇ ಒಮ್ಮೆ ಫೋನು ಮಾಡಿದ್ದರು.

"ಆತೇನಪಾ?"

"ಸಭಾ ಸಂಜಿಗಿ ಐತ್ರಿ ಮಾವಾರ."

"ಆತು, ಸಂಜಿಗಿ ಮಾಡತೇನಿ," ಎಂದು ಅವರು ಇಟ್ಟ ಫೋನು ಇನ್ನೂ ಬಿಸಿಯಾಗಿರುವಾಗಲೇ ಅಪ್ಪಾಸಾಬ ಒಳಗೆ ಬಂದಿದ್ದರು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಮುಖದಲ್ಲಿ ನಾಲ್ಕು ವರ್ಷದ ಸಿಟ್ಟು.

"ನಾಕ ವರ್ಷ ಆತು ತಮ್ಮಾ, ಸಂಘದ ಒಂದ ಕಾಗದ ನನ್ನ ಮನಿ ಹೊಸ್ತಿಲಾ ದಾಟಿಲ್ಲ. ನಾ ಸದಸ್ಯ ಅದೇನೋ ಇಲ್ಲೋ, ಆ ಡಬ್ಬಿಯಾಗ ನೋಡಿ ಹೇಳಿಬಿಡು."

"ಅದೀರಿ ಕಾಕಾ. ಇಲ್ನೋಡ್ರಿ, ನಿಮ್ಮ ಹೆಸರು."

ಪಟ್ಟಿ ಇಂಗ್ಲಿಷಿನಲ್ಲಿತ್ತು. ಸಂಘದ ಕಂಪ್ಯೂಟರಿಗೆ ಕನ್ನಡ ಬರುವುದಕ್ಕೂ ಮೊದಲು ಹುಟ್ಟಿದ ಪಟ್ಟಿ ಅದು. ಅಪ್ಪಾಸಾಬರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಐವತ್ತು ವರ್ಷ ಕುರಿ ಕಾಯ್ದ ಕಣ್ಣು. ಯಾವುದು ಎತ್ತರ, ಯಾವುದು ಗಿಡ್ಡ ಎಂಬುದನ್ನು ಅರ್ಧ ಮೈಲಿ ದೂರದಿಂದ ಹೇಳಬಲ್ಲದು. ಅವರು ಪರದೆಯ ಮೇಲೆ ಬೆರಳಿಟ್ಟರು.

"ಇದು ನಂದಲ್ಲಾ? ಇದರ ಮ್ಯಾಲ ಇರೂದು ಯಾರ್ದು?"

"ಬನಹಟ್ಟಿ ಶಿವಪುತ್ರಪ್ಪಂದ್ರಿ."

"ಅವಂದು ಟಗರು ಎದ್ದು ನಿಂತಂಗ ನಿಂತೈತಿ. ನಂದ್ಯಾಕೋ ಮರಿಗೋಳು ಬಿಸಲಿಗಿ ಮಲಗಿದಂಗ ಮಲಗೇತಿ?"

ಹಾಲೇಶ ಮೊದಲ ಬಾರಿಗೆ ಪಟ್ಟಿಯನ್ನು ಕಣ್ಣುಬಿಟ್ಟು ನೋಡಿದ. ಅವನು ಈ ಪಟ್ಟಿಯನ್ನು ವಹಿಸಿಕೊಂಡು ಎರಡೇ ತಿಂಗಳಾಗಿತ್ತು. ಮೂವತ್ತು ವರ್ಷ ಅದನ್ನು ಸಾಕಿದವರು ನಿವೃತ್ತ ಗುಮಾಸ್ತ ಮುರಗೆಪ್ಪ. ನಿಜ, ಪಟ್ಟಿ ಸಂತೆ ಮುಗಿದ ಬಯಲಿನಂತಿತ್ತು. ಒಂದು ಹೆಸರು ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಇನ್ನೊಂದು ಪೂರ್ತಿ ಸಣ್ಣ ಅಕ್ಷರಗಳಲ್ಲಿ, ಹೆಚ್ಚಿನವು ಮೊದಲನೆಯದೊಂದು ದೊಡ್ಡದು ಉಳಿದವು ಸಣ್ಣವು. ಅಲ್ಲೊಂದು ಇಲ್ಲೊಂದು ಹೆಸರಂತೂ ಮೊದಲ ಅಕ್ಷರ ಸಣ್ಣದು, ಉಳಿದದ್ದೆಲ್ಲ ದೊಡ್ಡದು, ತಲೆ ತಗ್ಗಿಸಿ ಗುದ್ದಲು ಹೊರಟ ಎಮ್ಮೆಯ ಹಾಗೆ.

"ಅದೇನಿಲ್ರಿ ಕಾಕಾ. ಇಂಗ್ಲೀಷಿನ್ಯಾಗ ದೊಡ್ಡ ಅಕ್ಷರ ಬ್ಯಾರೆ, ಸಣ್ಣ ಅಕ್ಷರ ಬ್ಯಾರೆ ಇರತಾವು."

"ಅಂದ್ರ ದೊಡ್ಡ ಮಂದಿಗಿ ದೊಡ್ಡವು, ಸಣ್ಣ ಮಂದಿಗಿ ಸಣ್ಣವು. ತಿಳೀತು ಬಿಡು." ಅಪ್ಪಾಸಾಬರು ಕೋಲನ್ನು ನೆಲಕ್ಕೆ ಕುಟ್ಟಿದರು. "ಶಿವಪುತ್ರನ ಹಂತ್ಯಾಕ ಇರೂದು ನಲವತ್ತ ಕುರಿ. ನನ್ನ ಹಂತ್ಯಾಕ ಇನ್ನೂರದಾವು. ಆದ್ರ ಅಂವಾ ಟಗರು, ನಾ ಮರಿ."

ಅಷ್ಟರಲ್ಲಿ ಓಣಿಯ ಆಚೆಯಿಂದಲೇ ಒಂದು ದನಿ ಕೇಳಿಸಿತು. ಅಧ್ಯಕ್ಷ ಶಿವಯೋಗೆಪ್ಪನವರು ಬರುತ್ತಿದ್ದರು. ಅವರ ಮಾತು ಅವರಿಗಿಂತ ಐದು ನಿಮಿಷ ಮುಂಚೆ ಕಚೇರಿ ತಲುಪುವುದು ರೂಢಿ. ಒಳಗೆ ಬಂದವರೇ ಅಪ್ಪಾಸಾಬರ ಅಳಲು ಕೇಳಿದರು, ಪರದೆ ನೋಡಿದರು, ಸಮಾನತೆಯ ವಿಷಯವಾಗಿ ನಿಂತಲ್ಲೇ ಹದಿನೈದು ನಿಮಿಷ ಮಾತಾಡಿದರು. ಕೊನೆಗೆ ಬೆರಳೆತ್ತಿ ಹೇಳಿದರು:

"ಹಾಲೇಶಾ, ಸಂಜಿ ಸಭಾಕ್ಕ ಬರೂದ್ರಾಗ ಈ ಪಟ್ಟಿ ಎಲ್ಲಾ ಒಂದ ನಮೂನಿ ಆಗಿರಬೇಕು. ನಮ್ಮ ಸಂಘದಾಗ ಸಣ್ಣಾಂವ, ದೊಡ್ಡಾಂವ ಇಲ್ಲ. ನೀ ಇಷ್ಟು ಮಾಡು, ಒಂಬತ್ತನೇ ವಿಷಯ ನನಗ ಬಿಡು."

ಹಾಲೇಶನಿಗೆ ಇದಕ್ಕಿಂತ ಸುಲಭದ ವರ ಬೇಕಿರಲಿಲ್ಲ. ಅದಕ್ಕೊಂದು ಸೂತ್ರವಿತ್ತು. ಹೆಸರುಗಳ ಪಕ್ಕದ ಸಾಲಿನಲ್ಲಿ ಅದನ್ನು ಬರೆದು ಕೆಳತನಕ ಎಳೆದರೆ ಸಾಕು, ಪ್ರತಿ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಉಳಿದವು ಸಣ್ಣವಾಗಿ ನಿಲ್ಲುತ್ತವೆ. ಅವನು ಎಳೆದ. ಆರುನೂರಾ ನಲವತ್ತು ಹೆಸರುಗಳು ಕವಾಯತಿನ ಪೊಲೀಸರಂತೆ ಒಂದೇ ಉಸಿರಿಗೆ ಸಾಲುಗಟ್ಟಿದವು. ಹಳೆಯ ಸಾಲನ್ನು ಅಳಿಸಿದ, ಹೊಸದನ್ನು ಉಳಿಸಿದ, ಕಡತ ಮುಚ್ಚಿದ, ಅಂಟುಚೀಟಿಗಳ ಹಾಳೆಯ ಮೇಲೆ ವಿಳಾಸಗಳನ್ನು ಮುದ್ರಿಸಿದ. ಎಲ್ಲ ಮುಗಿದಾಗ ಹನ್ನೊಂದೂವರೆ.

ಅಪ್ಪಾಸಾಬರು ತಮ್ಮ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಛಲೋ ಆತು. ಮುಂದ ಒಂದ ಟಗರು, ಹಿಂದ ಮರಿಗೋಳು. ಹಿಂಡು ಅಂದ್ರ ಹಿಂಗಿರಬೇಕು." ತೃಪ್ತಿಯಿಂದ ಬೆಂಚಿನ ಮೇಲೆ ಕುಳಿತು ಚಹಾಕ್ಕೆ ಕಾದರು.

ಚಹಾ ತಂದವಳು ಸಿದ್ದಕ್ಕ. ಸಂಘ ಹುಟ್ಟಿದ ಹತ್ತನೆಯ ವರ್ಷದಿಂದ ಅಲ್ಲಿ ಕಸ ಹೊಡೆದು, ಚಹಾ ಕಾಸಿ, ಟಪಾಲು ಹಂಚಿದವಳು. ಅಪ್ಪಾಸಾಬರ ಕೈಗೆ ಕಪ್ಪು-ಬಸಿ ಕೊಟ್ಟು, ಮೇಜಿನ ಮೇಲಿದ್ದ ಚೀಟಿಗಳ ಹಾಳೆಯನ್ನು ನೋಡಿದವಳೇ ನಿಂತುಬಿಟ್ಟಳು.

"ಎಪ್ಪಾ ಹಾಲೇಶಾ, ಇದೇನೋ? ಎಲ್ಲಾ ಒಂದ ಎತ್ತರ ಅದಾವಲ್ಲ!"

"ಹೂಂ ಸಿದ್ದಕ್ಕ. ಹೆಂಗದಾವ? ಛಂದ ಕಾಣತಾವಿಲ್ಲ?"

"ಛಂದ ಮಣ್ಣಾಗ ಹಾಕು. ಇದರಾಗ ಮನಿಗಿ ಹೋಗಿ ಕೊಡೂವು ಯಾವು, ಪೋಸ್ಟಿಗಿ ಹಾಕೂವು ಯಾವು, ಒಲಿಗಿ ಹಾಕೂವು ಯಾವು?"

"ಒಲಿಗಿ?"

"ನನಗ ಓದಾಕ ಬರೂದಿಲ್ಲ, ಮುರಗೆಪ್ಪನವ್ರು ಎತ್ತರದ ಮ್ಯಾಲ ಕಲಿಸಿದ್ರು. ಎಲ್ಲಾ ಅಕ್ಷರ ಎತ್ತರ ಇದ್ರ, ಅವರು ಪೋಸ್ಟಿನ್ಯಾಗ ಕರದ್ರ ಬರೂದಿಲ್ಲ. ಮನಿಗಿ ಹೋಗಿ, ಕುಂಕುಮ ಹಚ್ಚಿ, ಎಲಿ-ಅಡಿಕಿ ಕೊಟ್ಟು ಕರೀಬೇಕು. ಮುಂದಿಂದ ಒಂದ ಎತ್ತರ ಇದ್ರ ಪೋಸ್ಟಿಗಿ. ಎಲ್ಲಾ ಗಿಡ್ಡ ಇದ್ರ ಚೀಟಿ ಒಲಿಗಿ."

"ಯಾಕ ಒಲಿಗಿ?"

"ಅವರೆಲ್ಲಾ ಸತ್ತಾರಲ್ಲೋ!"

ಅಪ್ಪಾಸಾಬರು ಚಹಾವನ್ನು ನಿಧಾನವಾಗಿ ಕೆಳಗಿಟ್ಟರು, ತಮ್ಮ ಎದೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು.

"ಹಂಗಾರ ನಾ?"

"ನೀವು ಯಾರ್ರಿ?" ಎಂದಳು ಸಿದ್ದಕ್ಕ.

"ಅದನ್ನ ಕೇಳಾಕತ್ತೇನಿ ಬೇ, ನಾ ಯಾರು?"

ಹಾಲೇಶನ ಕಿವಿಗೆ ಇದಾವುದೂ ಬೀಳಲಿಲ್ಲ. ಅವನ ಕಣ್ಣ ಮುಂದೆ ಒಂದೇ ಚಿತ್ರ: ಸುವರ್ಣ ಮಹೋತ್ಸವದ ಆಮಂತ್ರಣ ಸತ್ತವರ ಮನೆಗಳಿಗೆ ಸಾಲಾಗಿ ಹೋಗುತ್ತಿದೆ, 'ತಾವು ಸಕುಟುಂಬ ಸಮೇತರಾಗಿ ತಪ್ಪದೆ ಬರಬೇಕು.' ಓಡಿಹೋಗಿ ಕಡತ ತೆರೆದ. ಹಳೆಯ ಸಾಲು ಇರಲಿಲ್ಲ. ಹಳೆಯ ಪ್ರತಿಯೂ ಇರಲಿಲ್ಲ. ಕಪಾಟಿನ ಕೀಲಿಗೊಂಚಲಿಗೆ ಮುರಗೆಪ್ಪ ಕಟ್ಟಿದ್ದ ಪೆನ್‌ಡ್ರೈವಿನಲ್ಲಿ ನೋಡಿದ. ಅದರಲ್ಲಿ ಮುರಗೆಪ್ಪನ ಮಗನ ಮದುವೆಯ ಫೋಟೋಗಳಿದ್ದವು. ಮುರಗೆಪ್ಪನಿಗೆ ಫೋನು ಹಚ್ಚಿದ. ಅದು ಸ್ವಿಚ್ ಆಫ್ ಆಗಿತ್ತು.

"ಬೀಳಗಿಗಿ, ಮುರಗೆಪ್ಪ ಸರ್ ಮನಿಗಿ ಹೋಗಿ ಬರತೇನಿ ಸಿದ್ದಕ್ಕ. ಯಾರ ಮುಂದೂ ಬಾಯಿ ಬಿಡಬ್ಯಾಡ. ಚೀಟಿ ಹಚ್ಚಬ್ಯಾಡ."

"ನಾನೂ ಬರತೇನಿ," ಎಂದು ಅಪ್ಪಾಸಾಬರು ಕೋಲು ಎತ್ತಿಕೊಂಡರು. "ನನ್ನನ್ನ ಕೊಂದಾಂವನ ಮಾರಿ ಒಮ್ಮೆ ನೋಡಬೇಕು."

ಬೀಳಗಿಯ ಬಸ್ಸಿನಲ್ಲಿ ಅಪ್ಪಾಸಾಬರು ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ತಾವು ಸತ್ತಮೇಲೆ ಎರಡು ಕಂಬಳಿ ನೇಯಿಸಿದ್ದು, ಮೊಮ್ಮಗಳ ಜವಳ ತೆಗೆಸಿದ್ದು, ಮತ ಹಾಕಿದ್ದು. ಟಿಕೀಟು ಕೊಡಲು ಬಂದ ಕಂಡಕ್ಟರು "ಎಷ್ಟು ಮಂದಿ?" ಎಂದಾಗ, "ಸಂಘದ ಲೆಕ್ಕದಾಗ ಒಬ್ಬನ, ನಿನ್ನ ಲೆಕ್ಕದಾಗ ಇಬ್ಬರು," ಎಂದರು.

ಬೀಳಗಿಯಲ್ಲಿ ಮುರಗೆಪ್ಪ ಊಟ ಮುಗಿಸಿ ಪಡಸಾಲೆಯಲ್ಲಿ ಕಾಲು ಚಾಚಿ ಎಲೆ ಹಾಕಿಕೊಳ್ಳುತ್ತಿದ್ದರು. ಹಾಲೇಶನನ್ನು ಕಂಡು ನಕ್ಕರು. ಅವನ ಹಿಂದೆ ಬಾಗಿಲಲ್ಲಿ ಕರಿ ಕಂಬಳಿ ಹೊದ್ದು ನಿಂತ ಆಕೃತಿಯನ್ನು ಕಂಡಾಗ ನಗು ಅರ್ಧಕ್ಕೆ ನಿಂತಿತು. ಬಾಯಿಗೆ ಹೊರಟಿದ್ದ ಎಲೆ ಕೈಯಲ್ಲೇ ಉಳಿಯಿತು.

"ಪೂಜಾರೇರ... ನೀವು... ನಾಕ ವರ್ಷದ ಹಿಂದ..."

"ಏನು ನಾಕ ವರ್ಷದ ಹಿಂದ? ಬಾಯಿ ಬಿಟ್ಟು ಹೇಳ್ರಿ ಗುಮಾಸ್ತರ."

"ನಾ ಹೂವಿನ ಮಾಲಿ ಕಳಿಸಿದ್ನಿ!"

"ಮಾಲೀನೂ ಬಂದಿಲ್ಲ ನನಗ!"

ಒಳಗಿನಿಂದ ಮುರಗೆಪ್ಪನ ಹೆಂಡತಿ ಮಾದೇವಿ ನೀರಿನ ತಂಬಿಗೆ ಹಿಡಿದು ಬಂದು, ಗಂಡನ ಮುಖ ನೋಡಿ, "ಯಾರು ಬಂದಾರಂತ ಹಿಂಗ ಬೆವತೀರಿ?" ಎಂದಳು. ಮುರಗೆಪ್ಪ ನೀರು ಕುಡಿದು, ಉಸಿರು ಹಿಡಿದು, ಸತ್ಯ ಹೇಳಿದರು. ಬಾಡಗಂಡಿಯಲ್ಲಿ ಅಪ್ಪಾಸಾಬ ಪೂಜಾರಿ ಎನ್ನುವವರು ಇಬ್ಬರು. ನಾಲ್ಕು ವರ್ಷದ ಹಿಂದೆ ಒಬ್ಬರು ತೀರಿಹೋದ ಸುದ್ದಿ ಬಂದಿತ್ತು. ಮುರಗೆಪ್ಪ ಅವಸರದಲ್ಲಿ ಇನ್ನೊಬ್ಬರನ್ನು ಸಣ್ಣ ಮಾಡಿಬಿಟ್ಟಿದ್ದರು.

"ಅದಕ್ಕ ಸತ್ತಾಂವನ ಹೆಂಡತಿ ಸುಂದರವ್ವ ತನ್ನ ಗಂಡನ ಹೆಸರಿನ ಪತ್ರಿಕಿ ಹಿಡಕೊಂಡು ವರ್ಷಾ ವರ್ಷಾ ಸಂಘದ ಊಟಕ್ಕ ಬರತಿದ್ಲು!" ಎಂದು ಅಪ್ಪಾಸಾಬರು ತೊಡೆ ತಟ್ಟಿಕೊಂಡರು. "ಸತ್ತಾಂವಗ ಹುಗ್ಗಿ, ಇದ್ದಾಂವಗ ಒಲಿ!"

"ಸರ್, ಸತ್ತಾರ ಅಂತ ಬರದಿದ್ರ ಆಗತಿತ್ತಲ್ರಿ?" ಎಂದ ಹಾಲೇಶ, ಅಳು ನುಂಗುತ್ತ.

"ಬರದು ನೋಡೇನೋ ತಮ್ಮಾ. ಹೆಸರಿನ ಮುಂದ ಕೈಲಾಸವಾಸಿ ಅಂತ ಹಾಕಿದ್ರ, ಮಕ್ಕಳು 'ಷೇರು ಯಾರ ಪಾಲಿಗಿ' ಅಂತ ಕಚೇರ್ಯಾಗ ಕೊಳ್ಳಪಟ್ಟಿ ಹಿಡಿದ್ರು. ಹೆಸರು ತಗದ್ರ, 'ನಮ್ಮಪ್ಪನ ಹೆಸರು ಅಳಸಾಕ ನೀ ಯಾರು' ಅಂತ ಬಂದ್ರು. ಅದಕ್ಕ ಸಪ್ಪಳ ಇಲ್ಲದಂಗ ಸಣ್ಣ ಮಾಡಿದ್ನಿ. ಹೆಸರೂ ಇರತೈತಿ, ಜಗಳಾನೂ ಇರೂದಿಲ್ಲ. ಮೂವತ್ತ ವರ್ಷ ಯಾರಿಗೂ ತಿಳೀಲಿಲ್ಲ."

ಹೆಮ್ಮೆ ಪಡಬೇಕಾದದ್ದೇ. ಆದರೆ ಹಾಲೇಶನಿಗೆ ಇನ್ನೊಂದು ಅನುಮಾನ ಕಾಡುತ್ತಿತ್ತು.

"ಮೊದಲನೇದು ಸಣ್ಣದು, ಉಳದದ್ದೆಲ್ಲಾ ದೊಡ್ಡದು ಇರೂವು ಒಂದಿಷ್ಟು ಅದಾವಲ್ರಿ. ಅವು ಏನು?"

ಮುರಗೆಪ್ಪ ಬಾಗಿಲ ಕಡೆ ನೋಡಿದರು. ಕಿಟಕಿಯ ಕಡೆ ನೋಡಿದರು. ಧ್ವನಿ ತಗ್ಗಿಸಿದರು.

"ಏಳು ಮಂದಿ ಅದಾರ. ಅವರ ಕೈಯಾಗ ಮೈಕ್ ಕೊಡಬಾರದು."

"ಅಂದ್ರ?"

"ಒಮ್ಮೆ ವಾರ್ಷಿಕ ಸಭಾದಾಗ ಊಟಕ್ಕ ಮೊದಲ 'ಎರಡ ಮಾತು' ಅಂತ ಒಬ್ಬರ ಕೈಯಾಗ ಮೈಕ್ ಕೊಟ್ವಿ. ಹನ್ನೆರಡಕ್ಕ ಹಿಡದ್ರು, ನಾಕಕ್ಕ ಬಿಟ್ರು. ಗೋಧಿ ಹುಗ್ಗಿ ಆರಿ ಗಟ್ಟ್ಯಾಗಿ ಇಟ್ಟಂಗಿ ಆಗಿತ್ತು. ಸೌಟು ಹಾಕಿದ್ರ ಸೌಟ ಮುರೀತು. ಅವತ್ತಿನಿಂದ ಅಂಥವರ ಹೆಸರಿಗಿ ಈ ಗುರುತು ಇಟ್ಟೇನಿ. ಮೊದಲು ತಲಿ ತಗ್ಗಿಸಿ 'ಎರಡ ಮಾತು' ಅಂತಾರ, ಆಮ್ಯಾಲ ಎದ್ದು ನಿಂತ್ರು ಅಂದ್ರ ಕುಂಡ್ರೂದಿಲ್ಲ."

"ಅವತ್ತು ಮೈಕ್ ಹಿಡದವ್ರು ಯಾರ್ರಿ?"

"ಈಗಿನ ನಿಮ್ಮ ಅಧ್ಯಕ್ಷರು," ಎಂದು ಮುರಗೆಪ್ಪ ಹಾಲೇಶನ ಎರಡೂ ಕೈ ಹಿಡಿದುಕೊಂಡರು. "ತಮ್ಮಾ, ಸುವರ್ಣ ಮಹೋತ್ಸವದಾಗ ನನಗ ಸನ್ಮಾನ ಐತಿ. ಕಂಬಳಿ ಹೊಚ್ಚೋರು ಅವರ. ಸತ್ತವರ ಸುದ್ದಿ ಬೇಕಾದ್ರ ಹೇಳು. ಮೈಕಿನ ಸುದ್ದಿ ಮಾತ್ರ ನಿನ್ನ ಹೊಟ್ಯಾಗ ಇರಲಿ. ಆಣಿ ಮಾಡು."

ಹಾಲೇಶ ಆಣೆ ಮಾಡಿದ. ಇನ್ನುಳಿದದ್ದು ಹಳೆಯ ಪಟ್ಟಿ. ಅದರ ಒಂದು ಮುದ್ರಿತ ಪ್ರತಿಯನ್ನು ಮುರಗೆಪ್ಪ ನಿವೃತ್ತಿಯ ದಿನ ಮನೆಗೆ ತಂದಿದ್ದರು. ಅದೀಗ ಮಾದೇವಿಯ ಅಡುಗೆಮನೆಯ ಮಾಡುಗಳಲ್ಲಿ ಡಬ್ಬಿಗಳ ಕೆಳಗೆ ಹಾಸಿಗೆಯಾಗಿತ್ತು.

"ತಗೋರಿ, ಬ್ಯಾಡ ಅನ್ನೂದಿಲ್ಲ," ಎಂದಳು ಮಾದೇವಿ ಸೊಂಟಕ್ಕೆ ಕೈಯಿಟ್ಟು. "ಆದ್ರ ಡಬ್ಬಿ ಇದ್ದಲ್ಲಿ ಡಬ್ಬಿ, ಭರಣಿ ಇದ್ದಲ್ಲಿ ಭರಣಿ ಇಡಬೇಕು. ಹೊಸಾ ಹಾಳಿ ಹಾಸಬೇಕು."

ಮೂವರು ಗಂಡಸರು ತೊಗರಿಬೇಳೆ, ಶೇಂಗಾ, ಗುರೆಳ್ಳುಪುಡಿಗಳ ಡಬ್ಬಿಗಳನ್ನು ಇಳಿಸಿದರು. ಅಪ್ಪಾಸಾಬರು ಉಪ್ಪಿನಕಾಯಿಯ ಭರಣಿಯನ್ನು ಎಳೆಗೂಸಿನ ಹಾಗೆ ಅಪ್ಪಿಕೊಂಡು ನಿಂತರು. ಹಾಲೇಶ ಒಂದೊಂದೇ ಹಾಳೆಯನ್ನು ಎಳೆದು ಮೊಬೈಲಿನಲ್ಲಿ ಫೋಟೋ ಹಿಡಿದ. ಮುಧೋಳದ ಸದಸ್ಯರಿಗೆಲ್ಲ ಅರಿಸಿನ ಹತ್ತಿತ್ತು. ರಬಕವಿಯವರು ಎಣ್ಣೆಯಲ್ಲಿ ಮುಳುಗಿದ್ದರೂ ಓದುವಂತಿದ್ದರು. ಮನೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ಹಾಸಿ, ಡಬ್ಬಿಗಳನ್ನು ಏರಿಸಿ, ಮಾದೇವಿಯಿಂದ ಸೈ ಎನಿಸಿಕೊಂಡು ಹೊರಬಿದ್ದಾಗ ಎರಡೂಕಾಲು.

ಬಸ್ಸು ಸಿಕ್ಕಿತು. ಆದರೆ ಬಸ್ಸಿಗೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಒಂದಕ್ಕೆ ಎರಡು ಟ್ರಾಲಿ, ಅಂಥವು ಒಂಬತ್ತು. ಒಂದೊಂದರಲ್ಲೂ ಒಂದೊಂದು ಹಾಡು. ಬಸ್ಸು ಅವುಗಳ ಹಿಂದೆ ಅತ್ತೆಯ ಹಿಂದೆ ನಡೆವ ಹೊಸ ಸೊಸೆಯಂತೆ ತೆವಳಿತು. ಹಾಲೇಶ ಮೊಬೈಲಿನ ಫೋಟೋ ನೋಡುತ್ತ ಅಂಗೈ ಅಗಲದ ಕಾಗದದಲ್ಲಿ ಗುರುತು ಹಾಕಿಕೊಳ್ಳತೊಡಗಿದ. ಸಣ್ಣವರು ಐವತ್ತೆಂಟು. ದೊಡ್ಡವರು ಮೂವತ್ತನಾಲ್ಕು. ಮೈಕಿನವರು ಏಳು. ಗುರುಸಿದ್ದಪ್ಪನವರ ಫೋನು ಬಂತು.

"ಆತೇನಪಾ?"

"ಆಗಾಕತ್ತೈತ್ರಿ ಮಾವಾರ," ಎಂದ ಹಾಲೇಶ. ಮುಂದಿನ ಟ್ರ್ಯಾಕ್ಟರಿನ ಹಾಡು ಕೇಳಿ ಅವರು, "ಆಗಲೇ ಬಾಜಾ ಹಚ್ಚಿಸಿದಿ ಏನು?" ಎಂದು ಸಂತೋಷಪಟ್ಟರು.

ಕಚೇರಿ ತಲುಪಿದಾಗ ನಾಲ್ಕಕ್ಕೆ ಐದು ನಿಮಿಷ. ಹಾಲೇಶ ಚಪ್ಪಲಿ ಬಿಡದೇ ಕುಳಿತ. ಅಪ್ಪಾಸಾಬರು ಬದಿಯಲ್ಲಿ ನಿಂತು ಕಾಗದ ಹಿಡಿದರು. ಸಿದ್ದಕ್ಕ ಬಾಗಿಲಿಗೆ ಅಡ್ಡ ನಿಂತು, ಬಂದ ನಿರ್ದೇಶಕರಿಗೆಲ್ಲ ಎರಡೆರಡು ಕಪ್ಪು ಚಹಾ ಕುಡಿಸಿ ತಡೆದಳು. ತೊಂಬತ್ತೊಂಬತ್ತು ಹೆಸರುಗಳನ್ನೂ ಹಾಲೇಶ ಇದ್ದಂತೆಯೇ ಮರಳಿಸಿದ. ಇಬ್ಬರು ಅಪ್ಪಾಸಾಬರನ್ನೂ ಅದಲುಬದಲು ಮಾಡಿ, ಇದ್ದವರನ್ನು ಬದುಕಿಸಿ, ಸತ್ತವರನ್ನು ಸಣ್ಣ ಮಾಡಿದ. ಪಟ್ಟಿ ಮುದ್ರಿಸಿ ಸಭೆಯ ಮೇಜಿನ ಮೇಲೆ ಇಟ್ಟಾಗ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಬೆಳಗಿನಿಂದ ಮೊದಲ ಬಾರಿಗೆ ಅವನು ಪೂರ್ತಿ ಉಸಿರು ಬಿಟ್ಟ.

ಅಧ್ಯಕ್ಷರು ಪಟ್ಟಿ ಎತ್ತಿಕೊಂಡರು. ಅವರ ಹುಬ್ಬು ಮೇಲೇರಿತು.

"ಹಾಲೇಶಾ! ಮುಂಜಾನಿಂದ ಏನು ಮಾಡಿದಿ? ಹೆಂಗಿತ್ತೋ ಹಂಗ ಐತಲ್ಲಾ!"

ಹನ್ನೊಂದು ನಿರ್ದೇಶಕರೂ ಕತ್ತು ಚಾಚಿದರು. ಕಾರ್ಯದರ್ಶಿ ರಾಜೇಶ್ವರಿ ಮೇಡಂ ಕನ್ನಡಕ ಏರಿಸಿದರು.

ಹಾಲೇಶ ಎಲ್ಲವನ್ನೂ ಹೇಳಿದ. ಎತ್ತರದ ಅಕ್ಷರದವರ ಎಲೆ-ಅಡಿಕೆಯನ್ನು ಹೇಳಿದ, ಗಿಡ್ಡ ಅಕ್ಷರದವರ ಒಲೆಯನ್ನು ಹೇಳಿದ, ಅಪ್ಪಾಸಾಬರನ್ನು ಕರೆದು ಜೀವಂತ ಸಾಕ್ಷಿಯಾಗಿ ನಿಲ್ಲಿಸಿದ. ಸಭೆಯಲ್ಲಿ ಬೆರಗಿನ ಗುಜುಗುಜು ಎದ್ದಿತು. "ಭಾಳ ಶ್ಯಾಣ್ಯಾ ಅದಾನ ಹುಡುಗ, ಇಲ್ಲಂದ್ರ ಐವತ್ತೆಂಟು ಮನ್ಯಾಗ ಮರ್ಯಾದಿ ಹೋಗತಿತ್ತು," ಎಂದರು ಒಬ್ಬರು. "ಇಂಥಾವನ್ನ ಕಾಯಂ ಮಾಡಲಿಕ್ಕ ಬೇಕು," ಎಂದರು ಇನ್ನೊಬ್ಬರು. ರಾಜೇಶ್ವರಿ ಮೇಡಂ ಒಂಬತ್ತನೆಯ ವಿಷಯದ ಹಾಳೆಯನ್ನು ಕಡತದಿಂದ ಹೊರಗೇ ತೆಗೆದಿಟ್ಟರು. ಹಾಲೇಶನ ಕಣ್ಣು ಮಂಜಾಯಿತು.

ಆಗ ಅಧ್ಯಕ್ಷರು ಹಾಳೆ ತಿರುವುತ್ತ ಒಂದು ಕಡೆ ನಿಂತರು.

"ಇದು ನನ್ನ ಹೆಸರಲ್ಲಾ? ಮೊದಲನೇದು ಸಣ್ಣದು, ಉಳದದ್ದು ದೊಡ್ಡದು. ಇದರ ಅರ್ಥ ಏನು?"

ಬಾಗಿಲಲ್ಲಿ ಅಪ್ಪಾಸಾಬರು, ತಾವು ಎಲ್ಲವನ್ನೂ ಬಲ್ಲವರಾದ್ದರಿಂದ, ಮೇಲಿನ ಜಂತಿಯನ್ನು ಎಣಿಸತೊಡಗಿದರು. ಹಾಲೇಶನ ಒಂದು ಕಿವಿಯಲ್ಲಿ ಮುರಗೆಪ್ಪನಿಗೆ ಮಾಡಿದ ಆಣೆ, ಇನ್ನೊಂದರಲ್ಲಿ ಗುರುಸಿದ್ದಪ್ಪನವರ 'ಆತೇನಪಾ?'. ಬಾಯಿಂದ ಹೊರಬಿದ್ದ ಮಾತು ಅವನಿಗೇ ಹೊಸದಾಗಿತ್ತು.

"ಅದು... ವಿನಯದ ಗುರುತ್ರಿ ಸಾಹೇಬ್ರ."

"ಏನು?"

"ದೊಡ್ಡ ಮನುಷ್ಯಾರಾದ್ರೂ ಮುಂದ ಸಣ್ಣಾಗಿ ನಡಕೊಳ್ಳೋರು. ಹಿಂದ ಅಷ್ಟು ದೊಡ್ಡಸ್ತಿಕಿ ಇದ್ರೂ ಮೊದಲ ತಲಿ ತಗ್ಗಸೋರು. ಆರುನೂರಾ ನಲವತ್ತು ಮಂದ್ಯಾಗ ಅಂಥವ್ರು ಏಳ ಮಂದಿ ಅಂತ ಮುರಗೆಪ್ಪ ಸರ್ ಆರಿಸ್ಯಾರ್ರಿ."

ಅಧ್ಯಕ್ಷರ ಮುಖ ಎಣ್ಣೆಯಲ್ಲಿ ಊದಿದ ಪೂರಿಯಂತೆ ನಿಧಾನವಾಗಿ ಅರಳಿತು. ಕಣ್ಣಂಚಿನಲ್ಲಿ ನೀರು ಕಾಣಿಸಿತು. ಹಾಲೇಶ ಗೆದ್ದಿದ್ದ. ಅಧ್ಯಕ್ಷರು ಎದ್ದು ನಿಂತರು, ತಲೆ ತಗ್ಗಿಸಿದರು, ಕೈ ಮುಗಿದರು.

"ಈ ಸಂದರ್ಭದಾಗ," ಎಂದರು, "ವಿನಯದ ಬಗ್ಗೆ ನಾ ಎರಡ ಮಾತು ಹೇಳತೇನಿ."

ಬಾಗಿಲಲ್ಲಿ ಅಪ್ಪಾಸಾಬರು ಮೆಲ್ಲಗೆ ಕೆಳಗೆ ಕುಳಿತುಕೊಂಡರು.

ಆಗ ಸಮಯ ನಾಲ್ಕೂ ಮುಕ್ಕಾಲು. ಐದು ಗಂಟೆಗೆ ಅಧ್ಯಕ್ಷರು ತಮ್ಮ ಬಾಲ್ಯದಲ್ಲಿದ್ದರು. ಐದೂವರೆಗೆ ಶಾಲೆಯ ಮೂರನೆಯ ಇಯತ್ತೆಯಲ್ಲಿ ವಿನಯಕ್ಕಾಗಿ ತಮಗೆ ಸಿಕ್ಕ ಹಿತ್ತಾಳೆಯ ಲೋಟದವರೆಗೆ ಬಂದರು. ನಡುವೆ ಉಸಿರೆಳೆದುಕೊಳ್ಳಲು ನಿಂತಾಗ ಒಂದು ಠರಾವು ಹೇಳಿದರು: ಸಂಘದ ಪ್ರತಿಯೊಬ್ಬ ಸದಸ್ಯನೂ ವಿನಯವಂತನಾಗಬೇಕು; ಆದ್ದರಿಂದ ಇನ್ನು ಮುಂದೆ ಎಲ್ಲರ ಹೆಸರೂ ಅಧ್ಯಕ್ಷರ ಹೆಸರಿನಂತೆಯೇ, ಮೊದಲ ಅಕ್ಷರ ಸಣ್ಣದು ಉಳಿದವು ದೊಡ್ಡವು. ಒಪ್ಪಿದವರು ಕೈ ಎತ್ತಿ ಎಂದರು. ಕೆಲವರು ಒಪ್ಪಿಗೆಗೆ ಎತ್ತಿದರು, ಕೆಲವರು ಹೊರಗೆ ಹೋಗಿಬರಲು ಅಪ್ಪಣೆ ಕೇಳಿ ಎತ್ತಿದರು. ಸರ್ವಾನುಮತವೆಂದು ದಾಖಲಾಯಿತು. ಭಾಷಣ ಮುಂದುವರಿಯಿತು.

ಹಾಲೇಶ ರಾಜೇಶ್ವರಿ ಮೇಡಂ ಕಡೆ ನೋಡಿದ. ಅವರು ಒಂಬತ್ತನೆಯ ವಿಷಯದ ಹಾಳೆಯನ್ನು ಅಧ್ಯಕ್ಷರ ಮುಂದೆ ಸರಿಸಿದರು. ಅಧ್ಯಕ್ಷರು ಅದನ್ನು ಕೈಗೆತ್ತಿಕೊಂಡರು, ಹಾಲೇಶ ಒಂದು ಹೆಜ್ಜೆ ಮುಂದೆ ಬಂದ, ಅಧ್ಯಕ್ಷರು ಅದರಿಂದ ಗಾಳಿ ಹಾಕಿಕೊಂಡರು.

ಆರು ಗಂಟೆಗೆ ಬೀಳಗಿಯ ಮೂವರು ನಿರ್ದೇಶಕರು ಬಸ್ಸಿನ ಹೆಸರು ಹೇಳಿ ಎದ್ದರು. ಆರೂಕಾಲಿಗೆ ಮುಧೋಳದ ನಾಲ್ವರು ಹೆಸರು ಹೇಳದೇ ಎದ್ದರು. ಆರೂವರೆಗೆ ಅಧ್ಯಕ್ಷರು ಬೆವರೊರಸಿಕೊಂಡು ಕುಳಿತು, "ಹಾಂ, ಒಂಬತ್ತನೇ ವಿಷಯ," ಎಂದಾಗ ಮೇಜಿನ ಸುತ್ತ ಉಳಿದಿದ್ದವರು ಅವರೂ ಸೇರಿ ಐದು ಜನ.

"ಕೋರಂ ಇಲ್ರಿ ಸರ್," ಎಂದರು ರಾಜೇಶ್ವರಿ ಮೇಡಂ, ಹಾಲೇಶನ ಮುಖ ನೋಡಲಾಗದೆ. "ಠರಾವು ಪಾಸ್ ಮಾಡಾಕ ಬರೂದಿಲ್ಲ."

"ಅಯ್ಯ, ಹೋಗಲಿ ಬಿಡ್ರಿ. ಮೂರ ತಿಂಗಳಿಗಿ ಮತ್ತ ಸಭಾ ಐತೆಲ್ಲ," ಎಂದು ಅಧ್ಯಕ್ಷರು ಹಾಲೇಶನ ಬೆನ್ನು ತಟ್ಟಿದರು. "ಅದಕ್ಕೂ ಮೊದಲ ಆ ಹೆಸರಿಂದು ಇವತ್ತ ಮುಗಿಸು. ನಾಳಿಗಿ ಪತ್ರಿಕಿ ಹೋಗಬೇಕು."

"ಎಲ್ಲಾರದೂ ಏನ್ರಿ ಸಾಹೇಬ್ರ? ಆ ಐವತ್ತೆಂಟು ಮಂದೀದೂ?"

"ಯಾಕ, ಸತ್ತವರಿಗಿ ವಿನಯ ಇರಲಿಲ್ಲೇನು?"

ಅವರು ಹೊರಟುಹೋದ ಮೇಲೂ ಅವರ ಮಾತು ಓಣಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಫೋನು ಬಂತು.

"ಆತೇನಪಾ?"

"ಮೂರ ತಿಂಗಳು ತಡೀರಿ ಮಾವಾರ."

ಆ ಕಡೆಯಿಂದ ಗುರುಸಿದ್ದಪ್ಪನವರು 'ಹೂಂ' ಅಂದರು; ಅದು ಒಪ್ಪಿಗೆಯ ಹೂಂ ಅಲ್ಲ, ಬೇಡ ಅನ್ನುವ ಹೂಂ ಕೂಡ ಅಲ್ಲ. ಹಾಲೇಶ ಫೋನಿಟ್ಟು, ಯಂತ್ರದ ಮುಂದೆ ಕುಳಿತು ಹೊಸ ಸೂತ್ರ ಬರೆದ, ಕೆಳತನಕ ಎಳೆದ. ಹಳೆಯ ಸಾಲನ್ನು ಅಳಿಸುವ ಮುನ್ನ ಈ ಬಾರಿ ಒಂದು ಪ್ರತಿ ತೆಗೆದು ಮುರಗೆಪ್ಪನ ಪೆನ್‌ಡ್ರೈವಿಗೆ ಹಾಕಲು ಹೋದ. ಮಗನ ಮದುವೆಯ ಫೋಟೋಗಳು ಅದನ್ನು ತುಂಬಿದ್ದವು, ಜಾಗವಿರಲಿಲ್ಲ. ಅಂಗೈ ಅಗಲದ ಆ ಕಾಗದವನ್ನೇ ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಅಪ್ಪಾಸಾಬರು ತಮ್ಮ ಹೊಸ ಚೀಟಿಯನ್ನು ದೂರ ಹಿಡಿದು ನೋಡಿದರು. "ಮುಂದ ಒಂದ ಮರಿ, ಹಿಂದೆಲ್ಲಾ ಟಗರು. ಅಧ್ಯಕ್ಷರದೂ ಹಿಂಗ ಐತೆಲ್ಲ? ಇರಲಿ ಬಿಡು ತಮ್ಮಾ. ಸಾಯೂದಕ್ಕಿಂತ ಇದು ಛಲೋ." ಹೋಗುವಾಗ ಹಾಲೇಶನ ಹೆಗಲು ತಟ್ಟಿದರು.

ಚೀಟಿಗಳನ್ನು ಅಂಟಿಸಲು ಬಂದ ಸಿದ್ದಕ್ಕ ಹಾಳೆಯನ್ನು ಒಮ್ಮೆ ಮೇಲಿನಿಂದ ಕೆಳಗೆ, ಒಮ್ಮೆ ಕೆಳಗಿನಿಂದ ಮೇಲೆ ನೋಡಿದಳು.

"ಎಪ್ಪಾ ಹಾಲೇಶಾ, ಮತ್ತ ಎಲ್ಲಾ ಒಂದ ನಮೂನಿ ಅದಾವಲ್ಲೋ! ಇದು ಯಾವ ಗುರುತು?"

ಹಾಲೇಶ ಪಟ್ಟಿಯ ಮೊದಲ ಹೆಸರಿನಿಂದ ಕೊನೆಯ ಹೆಸರಿನ ತನಕ ನೋಡಿದ. ಹೊನ್ನುಣ್ಣೆ ಸಂಘದ ಆರುನೂರಾ ನಲವತ್ತು ಸದಸ್ಯರಲ್ಲಿ, ಸತ್ತವರನ್ನೂ ಹಿಡಿದು, ಮೈಕು ಕೊಡಬಹುದಾದ ಮನುಷ್ಯ ಒಬ್ಬನೂ ಉಳಿದಿರಲಿಲ್ಲ.